ಗಾಳಿಯಿಂದ ಉಸಿರಿಗೆ: ಡಾ. ಅರ್ಜುನಪ್ಪ ಹೊಸಮನಿಯವರ ದವಾಖಾನೆಯ ವರುಷಗಳು

ಹುಬ್ಬಳ್ಳಿ-ಧಾರವಾಡದ ವೈದ್ಯವೃಂದದಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆಸರಾದವರುಂಟು, ಕಣ್ಣಿನ ಪೊರೆ ತೆಗೆದು ದೇವರೆನಿಸಿಕೊಂಡವರುಂಟು, ಕ್ಷಯಕ್ಕೆ ಮದ್ದು ಕೊಟ್ಟು ರೋಗಿಗಳ ಮನೆಯ ಗೋಡೆಯ ಮೇಲೆ ಪಟವಾಗಿ ಕುಳಿತವರೂ ಉಂಟು. ಈ ವರ್ಷ, ಅಂದರೆ ೧೯೬೯ರಲ್ಲಿ, ಗಂಗಾಬಾಯಿ ಸ್ಮಾರಕ ಶಿಶು ದವಾಖಾನೆಯಿಂದ ನಿವೃತ್ತರಾಗುತ್ತಿರುವ ಡಾ. ಅರ್ಜುನಪ್ಪ ನೀಲಪ್ಪ ಹೊಸಮನಿಯವರನ್ನು ಈ ಸಾಲಿನಲ್ಲಿ ಎಲ್ಲಿ ಕೂರಿಸಬೇಕೆಂಬುದು ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಗೆ ತುಸು ತೊಡಕಿನ ಪ್ರಶ್ನೆಯೇ ಆಗಿದ್ದಿರಬೇಕು. ಏಕೆಂದರೆ ಅವರು ತಮ್ಮ ಸೇವೆಯ ಬಹುಭಾಗವನ್ನು ಮದ್ದೇ ಇಲ್ಲದ ಒಂದು ರೋಗದ ಎದುರಿನಲ್ಲಿ ಕಳೆದವರು. ಹಾಲು ಕುಡಿಯುವ ಕೂಸುಗಳಿಗೆ ಮೊದಲು ಬರಿಯ ನೆಗಡಿಯಾಗಿ ಬಂದು, ನಂತರ ಎದೆಗಿಳಿದು, ಪಕ್ಕೆಗಳನ್ನು ಒಳಕ್ಕೆ ಸೆಳೆದು, ತುಟಿಯನ್ನು ನೀಲಿಗಟ್ಟಿಸುವ ಈ ವೈರಸ್ ಸೋಂಕು ಪೆನಿಸಿಲಿನ್ನಿಗೆ ಜಗ್ಗುವುದಿಲ್ಲ. ಕೂಸನ್ನು ನೆಟ್ಟಗೆ ಎತ್ತಿ ಹಿಡಿಯುವುದು, ಮೂಗು ಸ್ವಚ್ಛವಾಗಿಡುವುದು, ಹನಿಹನಿಯಾಗಿ ಹಾಲು ಕುಡಿಸುವುದು, ಆಮ್ಲಜನಕವಿದ್ದರೆ ಕೊಡುವುದು, ಉಳಿದಂತೆ ಕಾಯುವುದು. ಕಾಯುವುದರಲ್ಲಿ ಹೆಸರು ಮಾಡಿದ ವೈದ್ಯರು ಲೋಕದಲ್ಲಿ ಕಡಿಮೆ. ಅಂಥ ಒಬ್ಬರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ಅವರ ಕೈಕೆಳಗೆ ದುಡಿದವರಿಗೆ ದೊರೆತಿದೆ.

ಡಾಕ್ಟರರ ತಂದೆ ನೀಲಪ್ಪನವರು ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನಲ್ಲಿ ಖಲಾಶಿಯಾಗಿದ್ದವರು. ಶಾಲೆಯಲ್ಲಿ ಹೊರಗಿನ ಕಟ್ಟೆಯ ಮೇಲೆ ಕುಳಿತು ಅಕ್ಷರ ಕಲಿಯಬೇಕಾದ ಜಾತಿಯಲ್ಲಿ ಹುಟ್ಟಿದ ಮಗನನ್ನು ಪುಣೆಗೆ ಕಳಿಸಿ ವೈದ್ಯಕೀಯ ಓದಿಸಿದ್ದು ಅವರ ಹಟ. ಓದು ಮುಗಿಸಿ ಅಲ್ಲಿಯೇ ಕೆಲವು ವರ್ಷ ಕೆಲಸ ಮಾಡಿ ಅರ್ಜುನಪ್ಪನವರು ಊರಿಗೆ ಮರಳಿದಾಗ, ಹತ್ತಿಯ ವ್ಯಾಪಾರಿಯೊಬ್ಬರು ತಾಯಿಯ ಹೆಸರಿನಲ್ಲಿ ಆಗಷ್ಟೇ ತೆರೆದಿದ್ದ ಈ ದವಾಖಾನೆ ಅವರಿಗಾಗಿಯೇ ಕಾದು ಕುಳಿತಂತಿತ್ತು. ಅವರ ಕೈಯಿಂದ ಕೂಸನ್ನು ಮುಟ್ಟಿಸಲು ಹಿಂಜರಿಯುವ ಮನೆಗಳು ಆಗ ಬೇಕಾದಷ್ಟಿದ್ದವು. ಕೂಸಿನ ಪಕ್ಕೆ ಸೆಳೆಯತೊಡಗಿದೊಡನೆ ಆ ಹಿಂಜರಿಕೆ ಮಾಯವಾಗುತ್ತಿತ್ತು; ಕೂಸು ಹುಷಾರಾದ ಮೇಲೆ ನೆಟ್ಟಗೆ ಮರಳಿ ಬರುತ್ತಿತ್ತು. ಡಾಕ್ಟರರು ಎರಡನ್ನೂ ನೋಡಿಯೂ ನೋಡದವರಂತೆ ಇರುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲವೆಂದಲ್ಲ. ಸಿಟ್ಟಿಗೆ ಸಮಯವಿರಲಿಲ್ಲ.

೧೯೫೭ರ ಬೇಸಿಗೆಯ ಕೊನೆಗೆ ದೇಶಕ್ಕೆಲ್ಲ ಹಬ್ಬಿದ ಫ್ಲೂ ಜ್ವರ ಹುಬ್ಬಳ್ಳಿಗೂ ಬಂತು. ದೊಡ್ಡವರು ನರಳಿ ಎದ್ದರು. ಕೂಸುಗಳಿಗೆ ಅದು ಎದೆಗಿಳಿಯಿತು. ಮುನ್ನೆಚ್ಚರಿಕೆಯ ಮಾತು ಓಣಿ ಓಣಿಗೆ ತಲುಪಬೇಕೆಂದು ಡಾಕ್ಟರರು ಒಂದು ಪ್ರಕಟಣೆಯನ್ನು ತಾವೇ ಕುಳಿತು ಬರೆದರು. ‘ಈ ಜ್ವರವು ಗಾಳಿಯ ಮೂಲಕ ಹರಡುವುದು. ಕೂಸುಗಳಿರುವ ಕೋಣೆಯ ಬಾಗಿಲು ಕಿಟಕಿಗಳನ್ನು ತೆರೆದಿಡತಕ್ಕದ್ದು. ಜ್ವರವುಳ್ಳವರು ಕೂಸನ್ನು ಎತ್ತಿಕೊಳ್ಳಕೂಡದು.’ ಶುದ್ಧ ಕನ್ನಡ, ಶುದ್ಧ ವಿಜ್ಞಾನ, ಒಂದು ಅಕ್ಷರದ ತಪ್ಪಿಲ್ಲ. ಅದನ್ನು ಡಂಗುರ ಸಾರುವ ಹೊಳೆಯಪ್ಪನಿಗೆ ಬಾಯಿಪಾಠ ಮಾಡಿಸಿ ಕಳಿಸಿದರು.

ಹೊಳೆಯಪ್ಪ ತನ್ನ ಕಸುಬು ಬಲ್ಲವನು. ಜನ ಕಿವಿಗೊಡಬೇಕಾದರೆ ಮಾತು ಚಿಕ್ಕದಾಗಿರಬೇಕೆಂಬುದು ಅವನಿಗೆ ಗೊತ್ತಿತ್ತು. ಎರಡನೆಯ ಓಣಿಗೆ ಬರುವಷ್ಟರಲ್ಲಿ ಪ್ರಕಟಣೆ ಹೀಗಾಗಿತ್ತು:

“ಕೇಳ್ರಪೋ ಕೇಳ್ರಿ! ಊರಾಗ ಗಾಳಿ ಜ್ವರ ಬಂದೈತಿ! ಕೂಸಿದ್ದ ಮನಿಯವರು ಹುಷಾರಿರ್ರಿ! ಡಾಕ್ಟರ್ ಸಾಹೇಬ್ರು ಹೇಳ್ಯಾರ!”

ನಮ್ಮ ಕಡೆ ಗಾಳಿ ಎಂದರೆ ಬೀಸುವುದು ಒಂದೇ ಅಲ್ಲ, ಹಿಡಿಯುವುದೂ ಉಂಟು. ಸಂಜೆ ಹೊತ್ತು ಕೂಸನ್ನು ಹೊರಗೆ ತಂದರೆ ಬಡಿಯುವುದು, ಬಯಕೆ ತೀರದೆ ಸತ್ತವರ ದೆವ್ವವಾಗಿ ಅಲೆಯುವುದು, ಬೇವಿನ ತೊಪ್ಪಲಿನಿಂದ ಇಳಿಸಬೇಕಾದದ್ದು, ಅದೂ ಗಾಳಿಯೇ. ಹಸುಗೂಸಿದ್ದ ಮನೆಯವರು ಈ ಡಂಗುರ ಕೇಳಿ ಏನು ಮಾಡಬೇಕೋ ಅದನ್ನೇ ಮಾಡಿದರು. ಕಿಟಕಿಗೆ ಗೋಣಿತಟ್ಟು ಬಡಿದರು, ಬಾಗಿಲಿಗೆ ಬೇವು ಕಟ್ಟಿದರು, ಒಳಗೆ ಲೋಬಾನದ ಹೊಗೆ ಹಾಕಿದರು. ಮೊದಲೇ ಉಸಿರಿಗೆ ಒದ್ದಾಡುವ ಕೂಸುಗಳು ಹೊಗೆ ತುಂಬಿದ ಕತ್ತಲೆ ಕೋಣೆಯಲ್ಲಿ ಮಲಗಿದವು. ಬಾಗಿಲು ತೆರೆಯಿರಿ ಎಂದು ಹೇಳಹೋದ ವೈದ್ಯರು ಊರಿನ ಬಾಗಿಲುಗಳನ್ನೆಲ್ಲ ತಾವೇ ಮುಚ್ಚಿಸಿದಂತಾಯಿತು. ಇಷ್ಟರ ಮಟ್ಟಿಗೆ ಇದನ್ನು ನಗೆಯ ಪ್ರಸಂಗವೆಂದು ಹೇಳಿ ಮುಗಿಸಬಹುದಿತ್ತು.

ಆದರೆ ಅದೇ ವಾರದಲ್ಲಿ ಯಂಕವ್ವ ತನ್ನ ಚೊಚ್ಚಲ ಗಂಡುಕೂಸನ್ನು ಎತ್ತಿಕೊಂಡು ದವಾಖಾನೆಗೆ ಬಂದಳು. ಯಂಕವ್ವನೆಂದರೆ ಡಾಕ್ಟರರ ತಾಯಿ ಮುದಕವ್ವನವರ ಎದುರುಮನೆಯ ಸೊಸೆ. ಅವಳ ಗಂಡ ಹನುಮಪ್ಪ, ನೀಲಪ್ಪನವರಂತೆಯೇ ವರ್ಕಶಾಪಿನ ಖಲಾಶಿ. ಡಾಕ್ಟರರನ್ನು ಅವಳು ಅಣ್ಣಾ ಎಂದೇ ಕರೆಯುತ್ತಿದ್ದಳು. ಕೂಸಿನ ಅಂಗಿ ಎತ್ತಿ ನೋಡಿದ ಡಾಕ್ಟರರಿಗೆ ಹೆಚ್ಚು ಹೊತ್ತು ಉಳಿದಿಲ್ಲವೆಂಬುದು ಕಂಡುಹೋಯಿತು. ಮೂಲೆಯಲ್ಲಿದ್ದ ಆಮ್ಲಜನಕದ ಸಿಲಿಂಡರನ್ನು ಉರುಳಿಸಿಕೊಂಡು ತರಲು ಹೇಳಿದರು. ಮುಂಬಯಿಯಿಂದ ರೈಲಿನಲ್ಲಿ ಬರುತ್ತಿದ್ದ ಆ ಸಿಲಿಂಡರು ದವಾಖಾನೆಯ ಹೆಮ್ಮೆಯ ವಸ್ತುವಾಗಿತ್ತು.

“ಕೂಸಿಗೆ ಗಾಳಿ ಸಾಲವಲ್ದು ಯಂಕವ್ವಾ. ಈ ಸಿಲಿಂಡರಿನ ಗಾಳಿ ಹಚ್ಚಬೇಕು. ತಡಾ ಮಾಡಬಾರದು,” ಎಂದರು.

ಹನುಮಪ್ಪ ಸಿಲಿಂಡರನ್ನು ನೋಡಿದ. ಅವನಿಗದು ದಿನದ ಕೆಲಸದ ಗುರುತಿನ ವಸ್ತು.

“ಇದು ನಮ್ಮ ವರ್ಕಶಾಪಿನ್ಯಾಗ ಕಬ್ಬಿಣಾ ಕೊಯ್ಯೋ ಗಾಳಿ ಅಲ್ಲೇನ್ರಿ? ಬೋಗಿ ತಗಡನ್ನ ಬೆಣ್ಣಿ ಕೊಯ್ದಂಗ ಕೊಯ್ತೈತಿ. ಇದನ್ನ ಕೂಸಿನ ಮೂಗಿಗೆ ಹಚ್ತೀರಿ?”

ಯಂಕವ್ವ ಕೂಸನ್ನು ಎದೆಗವಚಿಕೊಂಡಳು. “ಗಾಳಿಯಿಂದ ಬಂದ ಜಡ್ಡಂತ ಡಂಗುರಾ ಸಾರಿಸಿದವರು ನೀವ. ಈಗ ಮತ್ತ ಗಾಳೀನ ಹಾಕತೇನಂತೀರಿ. ಬ್ಯಾಡ್ರಿ ಅಣ್ಣಾರ. ಒಂದು ಬಡದದ್ದ ಸಾಕು.”

ಡಾಕ್ಟರರು ತಿಳಿಸಿ ಹೇಳತೊಡಗಿದರು. ಬಡಿಯುವ ಗಾಳಿ ಬೇರೆ, ಬದುಕಿಸುವ ಗಾಳಿ ಬೇರೆ. ಕಬ್ಬಿಣ ಕೊಯ್ಯುವುದು ಬೆಂಕಿಯೇ ಹೊರತು ಗಾಳಿಯಲ್ಲ. ನಾವೆಲ್ಲ ಒಳಗೆಳೆದುಕೊಳ್ಳುವುದೂ ಇದೇ ಗಾಳಿ. ಅವಸರದ ಬಾಯಲ್ಲಿ ಆ ಪದ ಮತ್ತೆ ಮತ್ತೆ ಬಂತು, ಬಂದಾಗಲೆಲ್ಲ ಯಂಕವ್ವ ಒಂದೊಂದು ಹೆಜ್ಜೆ ಹಿಂದೆ ಸರಿದಳು. ಕಡೆಗೆ ಕೂಸಿಗೆ ಕುಂಚಿಗೆ ಹೊದಿಸಿ, ತಲೆಯ ಮೇಲೆ ಸೆರಗೆಳೆದುಕೊಂಡು ಹೊರಟೇಹೋದಳು. ಗಾಳಿ ಇಳಿಸುವವರ ಮನೆ ಮುಟ್ಟುವ ಮೊದಲೇ ಕೂಸು ಹೋಯಿತು.

ಆಮ್ಲಜನಕ ಕೊಟ್ಟಿದ್ದರೂ ಅದು ಉಳಿಯುತ್ತಿತ್ತೆಂದು ಹೇಳಲು ಯಾವ ವೈದ್ಯನಿಗೂ ಬಾಯಿ ಬಾರದು. ನಮ್ಮಂಥ ಕಿರಿಯರು ಈ ಸಮಾಧಾನವನ್ನು ಡಾಕ್ಟರರ ಮುಂದೆ ಹಲವು ಸಲ ಇಟ್ಟದ್ದುಂಟು. ಅವರು ಅದನ್ನು ಕೈಯಿಂದ ಮುಟ್ಟಲಿಲ್ಲ. ಅವರನ್ನು ತಿಂದದ್ದು ಕೂಸಿನ ಸಾವಿಗಿಂತ ಹೆಚ್ಚಾಗಿ ಆ ಸಂಜೆ ಮುದಕವ್ವನವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದ ಮಾತು. ಇದನ್ನು ಅವರೇ ಹೇಳಿದ್ದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇವೆ.

“ಏನಪಾ ಅರ್ಜುನಾ, ನಮ್ಮ ಓಣ್ಯಾಗ ಗಾಳಿ ಅಂದ್ರ ಏನಂತ ನಿನಗ ಗೊತ್ತಿಲ್ಲೇನು? ಸಣ್ಣಾಂವಿದ್ದಾಗ ನಿನಗ ನಾನ ಎರಡು ಸಲ ಇಳಿಸೇನಿ. ಪುಣೇಕ ಹೋಗಿ ಅದನ್ನೂ ಮರತಿ?”

ಮರೆತದ್ದೇನೋ ನಿಜ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವು ಹುಡುಗರಿಗೆ ಬಾಯಿಪಾಠ ಮಾಡಿಸುತ್ತೇವೆ. ಅದರ ಅರ್ಥ ಒಬ್ಬ ವೈದ್ಯರಿಗೆ ನಾಲ್ವತ್ತು ದಾಟಿದ ಮೇಲೆ ತಿಳಿಯಿತು. ಊರಿನ ಓದು ಬಾರದವರು ತಪ್ಪು ತಿಳಿದುಕೊಂಡರೆಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಹೇಳುವವರು ನಮ್ಮ ವೃತ್ತಿಯಲ್ಲಿ ಕಡಿಮೆಯಿಲ್ಲ. ಹೊಸಮನಿಯವರು ಹಾಗೆ ಹೇಳಲಾರದೆ ಹೋದದ್ದಕ್ಕೆ ಕಾರಣ, ಆ ಊರು ಅವರದೇ ಓಣಿಯಾಗಿತ್ತು.

ಅಂದಿನಿಂದ ವಾರ್ಡಿನಲ್ಲಿ ಗಾಳಿ ಎಂಬ ಪದಕ್ಕೆ ಬಹಿಷ್ಕಾರ. ಹಿರಿಯ ದಾದಿ ಮಂದಾಕಿನಿಬಾಯಿಯವರು ಬಾಗಿಲು ಬಡಿದುಕೊಂಡರೆ ಕೂಡ ‘ಹೊರಗ ಭಾಳ ಬೀಸಾಕತ್ತೈತ್ರಿ’ ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಬೇರೆ ಪದ ಯಾವುದು? ಡಾಕ್ಟರರು ಮೊದಲು ‘ಹವಾ’ ಎಂದು ನೋಡಿದರು. ‘ಕೂಸಿಗೆ ಹವಾ ಹೊಡೀತಾರಂತ, ಸೈಕಲ್ ಟೈರಿಗೆ ಹೊಡದಂಗ’ ಎಂದು ಜನ ನಕ್ಕರು, ಹೊಟ್ಟೆ ಒಡೆದೀತೆಂದು ಹೆದರಿದರು. ಆಮೇಲೆ ‘ಪ್ರಾಣವಾಯು’ ಎಂದರು. ವಾಯು ಎಂದರೆ ಮೊಣಕಾಲಿಗೆ ಬರುವುದು, ಹೊಟ್ಟೆಯಲ್ಲಿ ತಿರುಗುವುದು. ಅದು ಪ್ರಾಣಕ್ಕೇ ಬಂದರೆ ಉಳಿಯುವುದುಂಟೆ? ಮುದುಕಿಯೊಬ್ಬಳು ಕೈ ಮುಗಿದು ಮೊಮ್ಮಗನನ್ನು ಎತ್ತಿಕೊಂಡು ಹೋದಳು. ಹೀಗೆ ಒಂದು ಪದಕ್ಕಾಗಿ ಒಬ್ಬ ವೈದ್ಯರು ಎರಡು ಮಳೆಗಾಲ ಅಲೆದರು.

ಕೊನೆಗೆ ಪದ ಕೇಳದೆಯೇ ಸಿಕ್ಕಿತು. ಗಂಟಿಕೇರಿಯ ಅಮೀನಾಬಿ ಎಂಬ ತಾಯಿ ಜ್ವರ ಬಂದ ತನ್ನ ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಮಂಚದ ಕೂಸು ಸಿಲಿಂಡರಿನ ನಳಿಗೆಯಿಂದ ಕೆಂಪಗಾಗುವುದನ್ನು ನೋಡುತ್ತಿದ್ದವಳು, ಡಾಕ್ಟರರು ಹಾದುಹೋಗುವಾಗ ಅಂಗಿ ಹಿಡಿದು ಜಗ್ಗಿದಳು. “ಸಾಹೇಬ್ರ, ಬಾಜೂ ಕೂಸಿಗೆ ಉಸುರು ಹಚ್ಚೀರಲ್ಲ, ಅದನ್ನ ನನ್ನ ಕೂಸಿಗೂ ಹಚ್ರಿ,” ಎಂದಳು. ಅವಳ ಕೂಸಿಗೆ ಅದರ ಅಗತ್ಯವಿರಲಿಲ್ಲ. ಆದರೂ ಅವಳು ಮನೆಗೆ ಹೋಗುವ ದಿನ ಡಾಕ್ಟರರು ಸ್ವತಃ ಬಾಗಿಲವರೆಗೆ ಬಂದು ಕಳಿಸಿದರು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಉಸಿರಿಗೆ ಎರಡು ಅರ್ಥವಿಲ್ಲ. ಅದಕ್ಕೆ ಹೆದರುವವರು ಯಾರೂ ಇಲ್ಲ. ಮುಂದಿನ ವರ್ಷಗಳಲ್ಲಿ ದವಾಖಾನೆಯ ಕಲ್ಲಿನ ಮೇಲೆ ಕೆತ್ತಿದ ಹೆಸರನ್ನು ಜನ ಮರೆತು ‘ಉಸುರಿನ ದವಾಖಾನಿ’ ಎಂದೇ ಟಾಂಗಾದವರಿಗೆ ಹೇಳತೊಡಗಿದರು.

ಪದ ಸಿಕ್ಕಿದರೆ ಸಾಲದು, ಕೂಸು ಹೊತ್ತಿಗೆ ಬರಬೇಕು. ನೆಗಡಿ ಯಾವುದು, ಪ್ರಾಣಾಪಾಯ ಯಾವುದು ಎಂದು ತಾಯಂದಿರಿಗೆ ತೋರಿಸುವುದು ಹೇಗೆ? ಡಾಕ್ಟರರು ಓಣಿ ಓಣಿಗೆ ಹೋಗಿ, ಕಟ್ಟೆ ಹತ್ತಿ, ಕೋಟು ಕಳೆದು, ಅಂಗಿ ಕಳೆದು, ಹೆಂಗಸರು ಮಕ್ಕಳ ಮುಂದೆ ಬರಿಮೈಯಲ್ಲಿ ನಿಂತು, ತಮ್ಮ ಬಡಕಲು ಪಕ್ಕೆಗಳನ್ನು ಒಳಕ್ಕೆ ಸೆಳೆದು ಸೆಳೆದು ತೋರಿಸಿದರು. “ಕೂಸಿನ ಅಂಗಿ ಎತ್ತಿ ನೋಡ್ರಿ. ಪಕ್ಕಿ ಹಿಂಗ ಒಳಗ ಹೊಂಟ್ರ ದೇವರು ದಿಂಡರು ಆಮ್ಯಾಲ. ಮೊದಲ ನನ್ನ ಕಡೆ ಬರ್ರಿ,” ಎನ್ನುತ್ತಿದ್ದರು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಹುಡುಗರು ಮರುದಿನದಿಂದ ಅದನ್ನೇ ಆಟವಾಡಿದರು. ನಕ್ಕವರು ಮರೆಯಲಿಲ್ಲ ಎಂಬುದೇ ಮುಖ್ಯ. ‘ಪಕ್ಕಿ ಡಾಕ್ಟರು’ ಎಂಬ ಹೆಸರು ಅವರಿಗೆ ಹೀಗೆ ಬಂತು. ಮೈಸೂರು ಕಡೆಯಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದನ್ನು ಕೇಳಿ, ‘ಇವರು ಹಕ್ಕಿಗಳಿಗೂ ಔಷಧ ಕೊಡುತ್ತಾರೆಯೇ?’ ಎಂದು ಬಹು ಗೌರವದಿಂದ ವಿಚಾರಿಸಿದ್ದರು.

ಆ ಓಣಿಗಳಲ್ಲಿ ಅವರದೇ ಓಣಿಯೂ ಸೇರಿತ್ತು. ಅಲ್ಲಿ ಅವರು ಕಟ್ಟೆ ಹತ್ತಿದಾಗಲೆಲ್ಲ ಎದುರುಮನೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಯಂಕವ್ವ ಅವರಿಗೆ ಬೈದವಳಲ್ಲ, ಯಾರ ಮುಂದೆಯೂ ದೂರಿದವಳಲ್ಲ. ಅವರು ಬರುವ ದಾರಿಯಲ್ಲಿ ಆಕೆ ಬರುತ್ತಿರಲಿಲ್ಲ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತೆಂದು ಡಾಕ್ಟರರು ಒಮ್ಮೆ ಹೇಳಿದ್ದರು.

ಈ ನಡುವೆ ವಿದ್ಯೆ ತನ್ನಷ್ಟಕ್ಕೆ ಬೆಳೆಯುತ್ತಿತ್ತು. ಇಂಥ ಕೂಸುಗಳ ಗಂಟಲಿನಲ್ಲಿ ಹೊಸದೊಂದು ವೈರಸ್ ಸಿಕ್ಕಿದೆಯೆಂದು ಪರದೇಶದ ಪತ್ರಿಕೆಗಳಲ್ಲಿ ಬಂತು, ಅದಕ್ಕೊಂದು ಉದ್ದನೆಯ ಹೆಸರೂ ಬಂತು. ನಾವೆಲ್ಲ ಹುರುಪಿನಿಂದ ಅದನ್ನು ಓದಿ ಹೇಳಿದೆವು. ಡಾಕ್ಟರರು ಪೂರ್ತಿ ಕೇಳಿ, “ಹೆಸರು ಸಿಕ್ಕಿತು. ಛಲೋ ಆತು. ಔಷಧ?” ಎಂದರು. ಔಷಧವಿರಲಿಲ್ಲ. ಈಗಲೂ ಇಲ್ಲ. ಪ್ರತಿ ಶ್ರಾವಣದ ಜಿಟಿಜಿಟಿಯೊಂದಿಗೆ, ಮತ್ತೆ ಮಾರ್ಗಶಿರದ ಥಂಡಿಯೊಂದಿಗೆ ಕೂಸುಗಳು ಬಂದವು. ಸೂಜಿ ಹಾಕಿರೆಂದು ಹಟ ಹಿಡಿದ ತಂದೆಯರಿಗೆ ‘ಇದಕ್ಕ ಸೂಜಿ ಇಲ್ಲ’ ಎಂದು ಹೇಳಿ ಹೇಳಿ ಅವರ ದನಿ ಸವೆಯಿತು. ಸೂಜಿ ಹಾಕುವ ವೈದ್ಯರ ಬಾಗಿಲಿಗೆ ಜನ ಹೋದರು, ಅಲ್ಲಿಂದ ಮತ್ತೆ ಇಲ್ಲಿಗೇ ಬಂದರು. ವಾರ್ಡಿನಲ್ಲಿ ಉಳಿಯುವ ತಾಯಂದಿರಿಗೆ ಮುದಕವ್ವನವರು ಬದುಕಿರುವವರೆಗೆ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಲೆ ಕಳಿಸುತ್ತಿದ್ದರು. ತಾಯಿ ಉಂಡರೆ ತಾನೆ ಕೂಸಿಗೆ ಹಾಲು ಎಂಬುದು ಮಗನ ವಾದ. ಇನ್ನು ನಮ್ಮಂಥ ಕಿರಿಯರ ಕೈಯಲ್ಲಿ ಮೊದಲ ಸಲ ಕೂಸೊಂದು ಹೋದಾಗ, ಅವರು ನಮ್ಮನ್ನು ಚಹಾ ಕುಡಿಯಲು ಹೊರಗೆ ಕಳಿಸಿ, ತಾಯಿಗೆ ಹೇಳುವ ಕೆಲಸ ತಾವೇ ಮಾಡುತ್ತಿದ್ದರು. ಅದು ದಯೆಯೆಂದು ನಮಗೆ ಆಗ ಹೊಳೆಯಲಿಲ್ಲ. ನಮ್ಮ ಮೇಲೆ ನಂಬಿಕೆಯಿಲ್ಲವೆಂದು ಒಳಗೊಳಗೇ ಸಿಟ್ಟಾಗಿದ್ದೆವು.

೧೯೬೬ರ ಶ್ರಾವಣದಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ, ಯಂಕವ್ವ ದವಾಖಾನೆಯ ಬಾಗಿಲಲ್ಲಿ ಬಂದು ನಿಂತಳು. ಆ ಮೊದಲ ಕೂಸಿನ ನಂತರ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ದವಾಖಾನೆಯ ಮುಖ ಕಾಣದೆಯೇ ಬೆಳೆದಿದ್ದರು. ಈಗ ಕೈಯಲ್ಲಿದ್ದದ್ದು ಅವರ ನಂತರದ, ಇನ್ನೂ ಹೆಸರಿಡದ ಹೆಣ್ಣುಕೂಸು. ನೆಗಡಿಯಾಗಿ, ಕೆಮ್ಮಾಗಿ, ಆ ದಿನ ಬೆಳಗಿನಿಂದ ಹಾಲು ಬಿಟ್ಟಿತ್ತು. ಯಾರೂ ಹೇಳದೆಯೇ ಅವಳು ಅಂಗಿ ಎತ್ತಿ ಪಕ್ಕೆ ತೋರಿಸಿದಳು. ಮುಚ್ಚಿದ ಬಾಗಿಲಿನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಆಗ ತಿಳಿಯಿತು.

“ಉಸುರು ಹಚ್ರಿ ಅಣ್ಣಾರ,” ಎಂದಳು.

ಒಂಬತ್ತು ವರ್ಷ ಈ ಮಾತಿಗಾಗಿ ಕಾದ ಡಾಕ್ಟರರು ತಲೆ ತಗ್ಗಿಸಿದರು. ಆ ಹೊತ್ತಿಗೆ ದವಾಖಾನೆಯಲ್ಲಿ ತುಂಬಿದ ಸಿಲಿಂಡರು ಒಂದೇ ಇತ್ತು. ಮಳೆಯಿಂದ ಹಳಿ ಕೆಟ್ಟು ಮುಂಬಯಿಯ ರೈಲು ಬಂದಿರಲಿಲ್ಲ. ಊರಿನ ಉಳಿದ ಆಸ್ಪತ್ರೆಗಳಿಗೆ, ರೈಲ್ವೆ ವರ್ಕಶಾಪಿಗೆ ಕೂಡ ಹೇಳಿಕಳಿಸಿದ್ದರೂ ಎಲ್ಲಿಯೂ ಬಿಡುವಂಥದ್ದಿರಲಿಲ್ಲ. ಇದ್ದ ಒಂದರ ನಳಿಗೆಯನ್ನು ಅಮರಗೋಳದ ಸಾವಕ್ಕನೆಂಬ ಎಳೆಯ ತಾಯಿಯ ಕೂಸಿಗೆ ಹಚ್ಚಲಾಗಿತ್ತು. ಆ ಕೂಸು ದಿನ ತುಂಬದೆ ಹುಟ್ಟಿದ್ದು, ಹಿಡಿಯಷ್ಟಿತ್ತು. ಎರಡು ಕೂಸಿಗೆ ಹಂಚಿದರೆ ಎರಡಕ್ಕೂ ಸಾಲದು. ಡಾಕ್ಟರರು ಇದನ್ನೆಲ್ಲ ಯಂಕವ್ವನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು.

ಯಂಕವ್ವ ಅವರ ಮುಖ ನೋಡಿದಳು. “ಆವಾಗ ನೀವು ಹಚ್ತೇನಿ ಅಂದ್ರಿ, ನಾ ಬ್ಯಾಡ ಅಂದೆ. ಈಗ ನಾ ಹಚ್ರಿ ಅಂತೇನಿ, ನೀವು ಬ್ಯಾಡ ಅಂತೀರಿ.”

ಮಂದಾಕಿನಿಬಾಯಿಯವರು ಗೋಡೆಯ ಕಡೆ ಮುಖ ತಿರುಗಿಸಿದರು. ಡಾಕ್ಟರರು ಆಡಿದ ಮಾತು ಪುಣೆಯದಾಗಿರಲಿಲ್ಲ, ಓಣಿಯದಾಗಿತ್ತು.

“ನಿನ್ನ ಕೂಸು ಅಳಾಕತ್ತೈತಿ ಯಂಕವ್ವಾ. ಅಳೂವಷ್ಟು ಉಸುರು ಅದರ ಕಡೆ ಐತಿ. ಆ ಕೂಸಿಗೆ ಅಳಾಕೂ ಇಲ್ಲ.”

ಯಂಕವ್ವ ಸಾವಕ್ಕನ ಕೂಸಿನ ಕಡೆ ನೋಡಿದಳು. ಅದರ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಅವಳು ನೆಲದ ಮೇಲೆ ಕುಳಿತುಬಿಟ್ಟಳು. “ಹಂಗಾರ ನೀವು ಇಲ್ಲೇ ಕುಂದರ್ರಿ,” ಎಂದಳು. ಡಾಕ್ಟರರು ಕುಳಿತರು. ಕೂಸನ್ನು ಅವಳ ಹೆಗಲಿಗೆ ನೆಟ್ಟಗೆ ಹಿಡಿಸಿ, ಅರಳೆಯ ಬತ್ತಿಯಿಂದ ಮೂಗು ಬಿಡಿಸಿ, ಅವಳದೇ ಹಾಲನ್ನು ಹಿಂಡಿಸಿ ಚಮಚೆಯ ತುದಿಯಿಂದ ಹನಿಹನಿಯಾಗಿ ಬಾಯಿಗೆ ಬಿಟ್ಟರು. ಬಿಟ್ಟ ಹನಿಗಳಲ್ಲಿ ಅರ್ಧ ಹೊರಗೆ ಬರುತ್ತಿದ್ದವು. ಮತ್ತೆ ಬಿಡುತ್ತಿದ್ದರು. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಕೂಸಿನ ಅಳು ಸಣ್ಣದಾಯಿತು, ಪಕ್ಕೆ ಇನ್ನಷ್ಟು ಒಳಕ್ಕೆ ಹೋಗತೊಡಗಿತು. ಡಾಕ್ಟರರು ಎದ್ದರು. ಸಿಲಿಂಡರಿನ ಬಳಿಗೆ ಹೋಗಿ, ಸಾವಕ್ಕನ ಕೂಸಿನ ಮೂಗಿನ ಬಳಿಯ ನಳಿಗೆಗೆ ಕೈ ಹಾಕಿ, ಹಾಕಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ನಿಂತರು. ಸಾವಕ್ಕ ಏನೂ ಅರಿಯದೆ ಅವರ ಮುಖ ನೋಡುತ್ತಿದ್ದಳು. ಅರಿತವಳು ಯಂಕವ್ವ.

“ಅದಕ್ಕ ಇರಲ್ರಿ ಅಣ್ಣಾರ,” ಎಂದಳು. “ನೀವು ಬಂದು ಕುಂದರ್ರಿ.”

ಡಾಕ್ಟರರು ಬಂದು ಕುಳಿತರು. ಅವರಿಗೆ ಆ ಮಾತಿನಿಂದ ಸಮಾಧಾನವಾಯಿತೆಂದು ಬರೆದರೆ ಸುಳ್ಳಾದೀತು. ರಾತ್ರಿ ಕಳೆದಂತೆ ಯಂಕವ್ವನ ಕೂಸು ಇನ್ನಷ್ಟು ಇಳಿಯಲಿಲ್ಲ. ಇದ್ದಲ್ಲೇ ನಿಂತಿತು. ಬೆಳಗಿನ ರೈಲಿಗೆ ಸಿಲಿಂಡರು ಬಂದಾಗ ಅದು ಮೊಲೆಗೆ ಬಾಯಿ ಹಚ್ಚಿತ್ತು. ಆದರೆ ಸಾವಕ್ಕನ ಕೂಸು, ಇದ್ದ ಉಸಿರನ್ನೆಲ್ಲ ಕೊಟ್ಟರೂ, ಮರುದಿನ ಮಧ್ಯಾಹ್ನ ಹೋಯಿತು.

ಎಂದಿನಂತೆ ಡಾಕ್ಟರರು ನಮ್ಮನ್ನು ಹೊರಗೆ ಹೋಗಿರೆಂದು ಹೇಳಿ ತಾಯಿಯ ಬಳಿಗೆ ಹೋದರು. ಅವರಿಗಿಂತ ಮೊದಲೇ ಯಂಕವ್ವ ಅಲ್ಲಿ ಕುಳಿತಿದ್ದಳು. ತನ್ನ ಕೂಸನ್ನು ಮಂದಾಕಿನಿಬಾಯಿಯವರ ಕೈಗೆ ಕೊಟ್ಟು ಬಂದಿದ್ದಳು. ಎಳೆಯ ಸಾವಕ್ಕ, ನಾನು ಇನ್ನೂ ಲಗೂ ಬರಬೇಕಿತ್ತು, ನಾನ ಕೊಂದೆ ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ಯಂಕವ್ವ ಅವಳ ಕೈಗಳೆರಡನ್ನೂ ಹಿಡಿದುಕೊಂಡಳು.

“ಹಂಗ ಅನಬ್ಯಾಡವಾ. ನೀ ತಂದಿ, ಅವರು ಹಚ್ಚಿದ್ರು. ಉಸುರು ಹಚ್ಚಲಾರದ ಹೋಗಲಿಲ್ಲ ನಿನ್ನ ಕೂಸು. ನಿನಗ ಅಷ್ಟರ ಸಮಾಧಾನ ಐತಿ.”

ಆ ಒಂಬತ್ತು ವರ್ಷ ಎದುರುಮನೆಯ ಬಾಗಿಲು ಮುಚ್ಚಿಕೊಂಡದ್ದು ಡಾಕ್ಟರರ ಮೇಲಿನ ಸಿಟ್ಟಿನಿಂದಲ್ಲ. ಅಂದು ಕುಂಚಿಗೆ ಹೊದಿಸಿ ಕೂಸನ್ನು ಎತ್ತಿಕೊಂಡು ಹೊರಟ ತನ್ನ ಕೈಗಳನ್ನು ಯಂಕವ್ವ ಕ್ಷಮಿಸಿರಲಿಲ್ಲ. ತಪ್ಪು ತಮ್ಮ ಮಾತಿನದೆಂದು ಅವರು, ತನ್ನ ಕೈಗಳದೆಂದು ಅವಳು, ಒಂದೇ ಓಣಿಯಲ್ಲಿ ಎದುರುಬದುರು ಮನೆಗಳಲ್ಲಿ ಒಂದೇ ಭಾರವನ್ನು ಬೇರೆ ಬೇರೆ ಹೊತ್ತುಕೊಂಡು ತಿರುಗಿದ್ದರು. ಬಾಗಿಲಲ್ಲಿ ನಿಂತಿದ್ದ ಡಾಕ್ಟರರು ಒಳಗೆ ಬರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕುಳಿತು, ವಯಸ್ಸಾದ ಗಂಡಸರು ಅಳಬಾರದೆಂಬ ಲೋಕದ ಕಟ್ಟಳೆಯನ್ನು ಬದಿಗಿಟ್ಟು ಅತ್ತರು. ಅದನ್ನು ಕಂಡ ನಾವು ಚಹಾ ಕುಡಿಯಲು ಹೋಗಲಿಲ್ಲ.

ಅಭಿನಂದನ ಗ್ರಂಥವೆಂದ ಮೇಲೆ ಎಷ್ಟು ಕೂಸು ಉಳಿಸಿದರೆಂದು ಹೇಳುವುದು ವಾಡಿಕೆ. ಡಾಕ್ಟರರು ಇದಕ್ಕೆ ಒಪ್ಪಲಿಲ್ಲ. “ಉಳದವು ತಾವ ಉಳದಾವ್ರಿ. ನಾ ಬಾಜೂ ಕುಂತಿದ್ದೆ,” ಎಂದರು. ಅವರ ಈ ಮಾತನ್ನು ನಾವು ಮುದ್ರಿಸುತ್ತೇವೆ, ಒಪ್ಪುವುದಿಲ್ಲ. ಕುಳಿತುಕೊಳ್ಳಲು ಯಾರೂ ಇಲ್ಲದ ದವಾಖಾನೆಗಳನ್ನು ನಾವು ನೋಡಿದ್ದೇವೆ.

ನಿವೃತ್ತಿಯ ನಂತರ ಧಾರವಾಡದಲ್ಲಿ ಮಗಳ ಮನೆಯಲ್ಲಿ ಹಾಯಾಗಿರಬೇಕೆಂದು ಬಂಧುಗಳು ಹೇಳಿದ್ದುಂಟು. ಅವರು ಓಣಿಯನ್ನು ಬಿಟ್ಟು ಹೋಗುವುದಿಲ್ಲವೆಂದಿದ್ದಾರೆ. ಮನೆಯ ಮುಂದಿನ ಜಗುಲಿಯಲ್ಲಿ ಕುಳಿತುಕೊಳ್ಳುತ್ತಾರಂತೆ, ಕೂಸು ತಂದವರಿಗೆ ಅಂಗಿ ಎತ್ತಿ ನೋಡಿ ಹೇಳುತ್ತಾರಂತೆ. ಎದುರುಮನೆಯಿಂದ ಯಂಕವ್ವ ಚಹಾ ತಂದುಕೊಡುವುದಾಗಿ ಈಗಾಗಲೇ ಗೊತ್ತುಮಾಡಿದ್ದಾಳೆ. ಇಷ್ಟು ದಣಿದವರಿಗೆ ವಿಶ್ರಾಂತಿ ಸಿಗಲೆಂದು ಹಾರೈಸುವುದು ನಮ್ಮ ಧರ್ಮವಾದರೂ, ಅವರು ಅದನ್ನು ಬೇಡಿಲ್ಲ. ಆದ್ದರಿಂದ ಅವರು ಕೇಳಬಹುದಾದದ್ದನ್ನೇ ಅವರಿಗಾಗಿ ಕೇಳಿಕೊಳ್ಳುತ್ತೇವೆ. ಕೂಸನ್ನೆತ್ತಿಕೊಂಡ ಒಬ್ಬ ತಾಯಿಯೂ ಆ ಜಗುಲಿಗೆ ಓಡಿ ಬರದಂಥ ಒಂದು ಶ್ರಾವಣ ಈ ಊರಿಗೆ ಬರಲಿ. ಅದು ಬರಲು ಎಷ್ಟು ವರ್ಷ ಹಿಡಿಯುವುದೋ ಅಷ್ಟೂ ವರ್ಷ ಡಾ. ಅರ್ಜುನಪ್ಪ ಹೊಸಮನಿಯವರು ಅಲ್ಲಿ ಕುಳಿತಿರಲಿ.